ಆಲೂಗಡ್ಡೆ ಕೊಳೆತರೆ ಮೊದಲು ಬಂದವರು ಯಾರೆಂದು ಹುಡುಕಿ: ಮಲೆನಾಡಿನ ಗದ್ದೆಗೊಂದು ಕೈಪಿಡಿ

ಅಟ್ಟಕ್ಕೆ ಹಾಕಿದ್ದ ಆಲೂಗಡ್ಡೆಯ ನಾತ ಜಗಲಿಗೆ ಇಳಿದ ದಿನ ಅಮ್ಮ ಕೇಳಿದ್ದು ಒಂದೇ ಮಾತು: "ಅಷ್ಟು ಔಷಧಿ ಹೊಡೆದ್ಯಲ್ಲ ಮಾರಾಯ, ಮತ್ತೆ ಯಾಕೆ ಕೊಳೀತು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಶುಂಠಿ ಸಾಕು, ಬೇರೆ ಏನಾದರೂ ನೋಡೋಣ ಎಂಬ ಹುಮ್ಮಸ್ಸಿನಲ್ಲಿ ಮಕ್ಕಿ ಗದ್ದೆಯ ಅರ್ಧ ಎಕರೆಗೆ ಆಲೂಗಡ್ಡೆ ಹಾಕಿದ್ದೆ. ಎಲೆಯಲ್ಲಿ ಕಪ್ಪು ಕಲೆ ಕಂಡಾಗ ಅಂಗಡಿಯಲ್ಲಿ ಕೊಟ್ಟ ಶಿಲೀಂಧ್ರನಾಶಕ ಹೊಡೆದೆ. ಗಿಡ ಸೊರಗಿದಾಗ ಅದನ್ನೇ ಇನ್ನಷ್ಟು ದಪ್ಪ ಕಲಸಿ ಬುಡಕ್ಕೆ ಹೊಯ್ದೆ. ಕಿತ್ತ ಗಡ್ಡೆ ಮೆತ್ತಗಾದಾಗ ಗಡ್ಡೆಗೂ ಅದನ್ನೇ ಚಿಮುಕಿಸಿದೆ. ತಿನ್ನುವ ಗಡ್ಡೆಗೆ ಹಾಗೆ ಮಾಡಲೇಬಾರದು. ಕೊನೆಗೆ ಅಷ್ಟನ್ನೂ ಗುಂಡಿ ತೋಡಿ ಹುಗಿದದ್ದಾಯಿತು.

ಆ ವರ್ಷ ನನ್ನ ಗದ್ದೆಗೆ ಬಂದದ್ದು ಒಂದು ರೋಗವಲ್ಲ, ಒಂದರ ಬೆನ್ನಿಗೆ ಬಂದ ಮೂರು. ಮೂರಕ್ಕೂ ನಾನು ಕೊಟ್ಟದ್ದು ಒಂದೇ ಔಷಧಿ. ಆಲೂಗಡ್ಡೆಯಲ್ಲಿ ಕೊಳೆ ಎಂಬುದು ಒಂಟಿ ಕೈಯ ಕೆಲಸವಾಗಿರುವುದು ಅಪರೂಪ. ಶಿಲೀಂಧ್ರದ ಜಾತಿಯವರು ಬಾಗಿಲು ಒಡೆಯುತ್ತಾರೆ, ದುಂಡಾಣುಗಳು, ಅಂದರೆ ಬ್ಯಾಕ್ಟೀರಿಯಾಗಳು, ಒಳಗೆ ನುಗ್ಗಿ ಮನೆ ಖಾಲಿ ಮಾಡುತ್ತವೆ. ನಮ್ಮ ಮೂಗಿಗೆ ಬಡಿಯುವ ನಾತ ಎರಡನೆಯವರದ್ದು. ಕೈಯಲ್ಲಿರುವ ಔಷಧಿ ಹೆಚ್ಚುಪಾಲು ಮೊದಲನೆಯವರದ್ದು. ಅದನ್ನೂ ಅವರು ಬರುವ ಮೊದಲೇ ಹೊಡೆದಿರಬೇಕು. ಇಲ್ಲಿ ಬರೆದಿರುವ ಕ್ರಮವೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಮೊದಲು ಮುಖ ಪರಿಚಯ

ನಮ್ಮ ಶಿವಮೊಗ್ಗ ಜಿಲ್ಲೆ ಆಲೂಗಡ್ಡೆಯ ಸೀಮೆಯಲ್ಲ, ಆ ಹೆಸರು ಹಾಸನದ್ದು. ಆದರೆ ಈ ರೋಗಗಳ ನೆಂಟರು ಯಾರೂ ನಮಗೆ ಹೊಸಬರಲ್ಲ. ಆಲೂಗಡ್ಡೆಯ ಎಲೆ ಕಪ್ಪಾಗಿಸಿ ಗಡ್ಡೆಯನ್ನೂ ಕೊಳೆಸುವ ಅಂಗಮಾರಿ ರೋಗ ತರುವ ಫೈಟಾಫ್ತೊರಾ ಇನ್‌ಫೆಸ್ಟನ್ಸ್, ನಮ್ಮ ಅಡಿಕೆಯ ಕೊಳೆರೋಗದ ಫೈಟಾಫ್ತೊರಾಕ್ಕೆ ದಾಯಾದಿ. ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲೇ ವಿವರವಾದ ಅಧ್ಯಯನ ಪ್ರಕಟಿಸಿದ್ದರು. ಅದಕ್ಕೂ ಹಿಂದೆ, 1845ರಲ್ಲಿ, ಐರ್ಲೆಂಡಿನ ಆಲೂಗಡ್ಡೆಗೆ ಇದೇ ಅಂಗಮಾರಿ ಬಡಿದು, ಮುಂದಿನ ವರ್ಷಗಳ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ದೇಶ ಬಿಟ್ಟರು. ಹೊಲದಲ್ಲಿ ಕಪ್ಪಾದ ಗಿಡ, ನೆಲದಡಿಯಲ್ಲಿ ಲೋಳೆಯಾದ ಗಡ್ಡೆ. ಆ ಲೋಳೆ ಮಾಡಿದ್ದು ಅಂಗಮಾರಿಯ ಹಿಂದೆಯೇ ಬಂದ ದುಂಡಾಣುಗಳು.

ಒಂದು ಕಿವಿಮಾತು. ಫೈಟಾಫ್ತೊರಾವನ್ನು ನಾವೆಲ್ಲ ಶಿಲೀಂಧ್ರ ಎನ್ನುತ್ತೇವೆ, ಅಂಗಡಿಯ ಡಬ್ಬದ ಮೇಲೂ ಹಾಗೇ ಇರುತ್ತದೆ. ನಿಜಕ್ಕೆ ಅದು ನೀರುಬೂಸ್ಟು, ಶಿಲೀಂಧ್ರಗಳ ವಂಶದ್ದಲ್ಲ. ಅದರ ಬೀಜಕಣಗಳಿಗೆ ಬಾಲವಿದೆ, ನೀರಿನ ಪದರದಲ್ಲಿ ಈಜುತ್ತವೆ. ಶುಂಠಿ ಕೊಳೆಸುವ ಪಿಥಿಯಂ ಕೂಡ ಅದೇ ಬಳಗ. ಇದು ಬರೀ ಪಂಡಿತರ ಜಗಳವಲ್ಲ. ಕಾರ್ಬೆಂಡಜಿಮ್ ಶಿಲೀಂಧ್ರಕ್ಕೆ ಒಳ್ಳೆಯ ಔಷಧಿ, ಆದರೆ ಅಂಗಮಾರಿಗೆ ಏನೂ ಮಾಡದು. ನಾನು ಮೊದಲ ಸಲ ಹೊಡೆದದ್ದು ಅದನ್ನೇ.

ವೇಷ ಮರೆಸಿಕೊಂಡ ಇನ್ನೊಬ್ಬನಿದ್ದಾನೆ. ಗಡ್ಡೆಯ ಮೈಮೇಲೆ ಒರಟು ಕಜ್ಜಿ ಎಬ್ಬಿಸುವ ಸ್ಟ್ರೆಪ್ಟೊಮೈಸಿಸ್ ನೋಡಲು ಶಿಲೀಂಧ್ರದ ಹಾಗೆ ನೂಲುನೂಲು, ಆದರೆ ದುಂಡಾಣು. ಮಣ್ಣು ಹುಳಿಯಿದ್ದರೆ ಅದು ತೆಪ್ಪಗಿರುತ್ತದೆ. ನಮ್ಮ ಜಂಬಿಟ್ಟಿಗೆ ಮಣ್ಣು ಹುಳಿಯೇ. ಶುಂಠಿಗೆಂದೋ ತೋಟಕ್ಕೆಂದೋ ಕಂಡಾಪಟ್ಟೆ ಸುಣ್ಣ ಸುರಿದ ಜಾಗದಲ್ಲಿ ಆಲೂಗಡ್ಡೆ ಹಾಕಿ, ಗಡ್ಡೆ ಕಟ್ಟುವ ಹೊತ್ತಿಗೆ ನೀರು ಕಡಿಮೆಯಾದರೆ ಕಜ್ಜಿ ಏಳುತ್ತದೆ. ಮಣ್ಣು ಪರೀಕ್ಷೆ ಮಾಡಿಸದೆ ಆಲೂಗಡ್ಡೆ ಗದ್ದೆಗೆ ಸುಣ್ಣ ಹಾಕಬೇಡಿ.

ಉಳಿದವರು: ಒಣ ಕೊಳೆಯ ಫ್ಯುಸೇರಿಯಂ, ಎಲೆಯಲ್ಲಿ ಉಂಗುರದೊಳಗೆ ಉಂಗುರ ಬರೆಯುವ ಆಲ್ಟರ್ನೇರಿಯಾ, ಗಡ್ಡೆಗೆ ಎಷ್ಟು ತೊಳೆದರೂ ಹೋಗದ ಕಪ್ಪು ಮಣ್ಣಿನಂತೆ ಅಂಟಿಕೊಳ್ಳುವ ರೈಜಾಕ್ಟೋನಿಯಾ. ಈ ಮೂರೂ ನಿಜವಾದ ಶಿಲೀಂಧ್ರಗಳು. ದುಂಡಾಣುಗಳಲ್ಲಿ ಮುಖ್ಯ ಎರಡು: ಗಿಡವನ್ನು ಹಸಿರಿದ್ದಂತೆಯೇ ಸೊರಗಿಸುವ ರಾಲ್‌ಸ್ಟೋನಿಯಾ, ಮೆದುಕೊಳೆ ಮಾಡುವ ಪೆಕ್ಟೋಬ್ಯಾಕ್ಟೀರಿಯಂ.

ಹೆಜ್ಜೆ 1: ಗದ್ದೆಯ ಜಾತಕ ನೋಡಿ

ಹಿಂದಿನ ಮೂರು ವರ್ಷ ಆ ಜಾಗದಲ್ಲಿ ಏನಿತ್ತು ಎಂದು ನೆನಪು ಮಾಡಿಕೊಳ್ಳಿ. ಗುತ್ತಿಗೆಗೆ ಕೊಟ್ಟಿದ್ದರೆ ಮಾಡಿದವರನ್ನೇ ಕೇಳಿ. ಶುಂಠಿ ಸೊರಗಿ ಸತ್ತ ಗದ್ದೆಯಾಗಿದ್ದರೆ ಆಲೂಗಡ್ಡೆಯ ಆಸೆ ಬಿಡಿ. ಟೊಮೆಟೊ, ಬದನೆ, ಮೆಣಸಿನಕಾಯಿ ಸೊರಗಿದ್ದರೂ ಅಷ್ಟೆ. ಎಲ್ಲದರಲ್ಲೂ ಕೈಯಾಡಿಸುವುದು ರಾಲ್‌ಸ್ಟೋನಿಯಾದ ಬಳಗವೇ. ತಳಿಗಳು ಬೇರೆ ಬೇರೆ ಇರಬಹುದು, ಆದರೂ ಒಂದರ ಮನೆಯಲ್ಲಿ ಇನ್ನೊಂದನ್ನು ಕೂರಿಸುವ ಧೈರ್ಯ ಬೇಡ. ಭತ್ತ ಅಥವಾ ಮೆಕ್ಕೆಜೋಳ ಬೆಳೆದು ಬಿಟ್ಟ ಗದ್ದೆ ಒಳ್ಳೆಯದು.

ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ. ಗದ್ದೆಗಳು ಮೆಟ್ಟಿಲು ಮೆಟ್ಟಿಲು. ಮೇಲಿನವರ ಶುಂಠಿ ಮಡಿಯ ನೀರು ನಮ್ಮ ಬದುವಿಗೇ ಇಳಿಯುತ್ತದೆ. ನಮ್ಮ ಗದ್ದೆಯ ಜಾತಕ ಎಷ್ಟೇ ಚೆನ್ನಾಗಿದ್ದರೂ ಮೇಲಿನ ಗದ್ದೆಯ ದುಂಡಾಣು ಆ ನೀರಿನಲ್ಲಿ ತೇಲಿ ಬರುತ್ತದೆ. ಮೇಲಂಚಿನಲ್ಲಿ ಒಂದು ಅಡ್ಡಗಾಲುವೆ ತೋಡಿ, ಆ ನೀರನ್ನು ಪಕ್ಕದಿಂದ ಹಳ್ಳಕ್ಕೆ ದಾಟಿಸುವುದು ಯಾವ ಔಷಧಿಗಿಂತಲೂ ಮೊದಲಿನ ಕೆಲಸ.

ಕಾಲವನ್ನೂ ಇಲ್ಲೇ ನಿರ್ಧರಿಸಿ. ಆಗುಂಬೆ, ಹೊಸನಗರದ ಮಳೆಯಲ್ಲಿ ಆಷಾಢಕ್ಕೆ ಆಲೂಗಡ್ಡೆ ನಿಲ್ಲಿಸುತ್ತೇನೆ ಎನ್ನುವುದು ಹಠ. ಅಲ್ಲಿ ಭತ್ತ ಕೊಯ್ದ ಮೇಲೆ, ಚಳಿ ಬಿದ್ದಾಗ ನೆಡುವುದೇ ಸರಿ. ರಾತ್ರಿಯ ಬಿಸಿ 20 ಡಿಗ್ರಿಗಿಂತ ಕೆಳಗಿದ್ದರೆ ಗಡ್ಡೆಯೂ ಚೆನ್ನಾಗಿ ಕಟ್ಟುತ್ತದೆ. ಮಳೆ ಕಡಿಮೆಯಾಗುವ ಪೂರ್ವದ ಅರೆಮಲೆನಾಡಿನವರು ಹಾಸನದವರ ಹಾಗೆ ಮುಂಗಾರಿಗೆ ನೆಡುವ ಯೋಚನೆ ಮಾಡಬಹುದು.

ಹೆಜ್ಜೆ 2: ಬಿತ್ತನೆ ಗಡ್ಡೆಯನ್ನು ನಂಬಬೇಡಿ

ನಮಗೆ ಸಿಗುವ ಬಿತ್ತನೆ ಹೆಚ್ಚಾಗಿ ಪಂಜಾಬಿನ ಜಲಂಧರದ ಕಡೆಯಿಂದ ಹಾಸನದ ಮಾರುಕಟ್ಟೆಗೆ ಬಂದು ಅಲ್ಲಿಂದ ಬರುವ ಕುಫ್ರಿ ಜ್ಯೋತಿ. 1968ರಲ್ಲಿ ಬಿಡುಗಡೆಯಾದ ಹಳೆಯ ತಳಿ. ಅಂಗಮಾರಿಯನ್ನು ತಡೆಯುವ ಶಕ್ತಿ ಅದಕ್ಕೆ ಈಗ ಉಳಿದಿಲ್ಲ. ಕುಫ್ರಿ ಹಿಮಾಲಿನಿ ಸಿಕ್ಕರೆ ಒಂದು ಕೈ ನೋಡಿ, ಅಂಗಮಾರಿಗೆ ಅದು ಜ್ಯೋತಿಗಿಂತ ಗಟ್ಟಿ.

ಚೀಲ ಮನೆಗೆ ಬಂದ ದಿನವೇ ಬಿಚ್ಚಿ, ನೆರಳಿನಲ್ಲಿ ಒಂದೇ ಪದರವಾಗಿ ಹರಡಿ. ಶೀತಲಗೃಹದಿಂದ ಬಂದ ಗಡ್ಡೆ ಮೈಮೇಲೆ ಬೆವರುತ್ತದೆ. ಆ ಬೆವರೇ ಮುಂದಿನ ಕಥೆಯ ಮೊದಲ ಸಾಲು. ಹೇಗೆಂದರೆ, ಪೆಕ್ಟೋಬ್ಯಾಕ್ಟೀರಿಯಂ ಹೊರಗಿನಿಂದ ಬರಬೇಕಾದ ಶತ್ರುವಲ್ಲ, ಆರೋಗ್ಯವಾಗಿ ಕಾಣುವ ಗಡ್ಡೆಯ ಸಿಪ್ಪೆಯ ಉಸಿರುರಂಧ್ರಗಳಲ್ಲೂ ಅದು ಕೂತಿರುತ್ತದೆ. ಗಡ್ಡೆಯ ಸುತ್ತ ನೀರಿನ ಪದರ ನಿಂತರೆ ಒಳಗೆ ಗಾಳಿ ಹೋಗುವುದಿಲ್ಲ. ಗಡ್ಡೆ ತನ್ನ ಗಾಯಕ್ಕೆ ತೊಗಟೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕು. ದುಂಡಾಣುವಿಗೆ ಬೇಡ, ಅದು ಗಾಳಿಯಿಲ್ಲದೆಯೂ ಬದುಕುತ್ತದೆ. ಗಡ್ಡೆಯ ಕೈ ಕಟ್ಟಿಹಾಕಿದ ಹಾಗಾಯಿತು.

ಆದರೂ ಅದು ತಕ್ಷಣ ಕೈ ಹಾಕುವುದಿಲ್ಲ. ಈ ದುಂಡಾಣುಗಳು ತಮ್ಮಲ್ಲೇ ಒಂದು ರಾಸಾಯನಿಕ ಸಂಕೇತ ಬಿಡುತ್ತಿರುತ್ತವೆ. ನಾಲ್ಕೇ ಜನ ಇದ್ದಾಗ ಸಂಕೇತ ತೆಳು, ಸುಮ್ಮನಿರುತ್ತವೆ. ಸಂತೆಯಷ್ಟು ಜನ ಸೇರಿ ಸಂಕೇತ ದಟ್ಟವಾದಾಗ ಎಲ್ಲವೂ ಒಟ್ಟಿಗೆ, ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಕರಗಿಸುವ ಕಿಣ್ವ ಸುರಿಸುತ್ತವೆ. ಗಾರೆ ಕರಗಿದ ಗೋಡೆಯಂತೆ ಗಡ್ಡೆ ಕುಸಿಯುತ್ತದೆ. ನಿನ್ನೆ ಗಟ್ಟಿಯಿದ್ದದ್ದು ಇವತ್ತು ಲೋಳೆ ಎಂದು ನಾವು ಬೆರಗಾಗುವುದು ಇದಕ್ಕೇ. ಫ್ಯುಸೇರಿಯಂ ಅಥವಾ ಅಂಗಮಾರಿ ಮಾಡಿದ ಗಾಯವೊಂದು ಇದ್ದರೆ ಈ ಸಂತೆ ನೆರೆಯಲು ಜಾಗವೂ ಸಿಕ್ಕಿತು, ಊಟವೂ ಸಿಕ್ಕಿತು.

ಆದ್ದರಿಂದ ಕೆಲಸಗಳು ಹೀಗಿರಲಿ:

8ರಿಂದ 10 ದಿನ ಹರಡಿಟ್ಟು, ಮೊಳಕೆ ಬರುವ ತನಕ ಎರಡು ದಿನಕ್ಕೊಮ್ಮೆ ಕೈಯಾಡಿಸಿ ನೋಡಿ. ಮೆತ್ತಗಾದದ್ದು, ಸುಕ್ಕುಗಟ್ಟಿ ಗುಳಿ ಬಿದ್ದದ್ದು, ಕಣ್ಣುಗಳಲ್ಲಿ ಅಂಟು ಒಸರಿ ಮಣ್ಣು ಹಿಡಿದದ್ದು ಹೊರಗೆ. ಪ್ರತಿ ಚೀಲದಿಂದ ಐದಾರು ಗಡ್ಡೆ ಅಡ್ಡ ಕೊಯ್ದು ನೋಡಿ. ಸಿಪ್ಪೆಯಿಂದ ಸ್ವಲ್ಪ ಒಳಗೆ ಕಂದು ಉಂಗುರವಿದ್ದು, ಹಿಚುಕಿದರೆ ಕೆನೆಯಂಥ ಹನಿ ಬಂದರೆ ಅದು ರಾಲ್‌ಸ್ಟೋನಿಯಾ. ಆ ಚೀಲ ಪೂರ್ತಿ ಬೇಡ. ದುಡ್ಡು ಕೊಟ್ಟಾಗಿದೆ ಎಂದು ಮನಸ್ಸು ಅಳುಕುತ್ತದೆ, ಗೊತ್ತು.

ಕೊಯ್ದು ನೆಡುವುದಕ್ಕಿಂತ 40ರಿಂದ 50 ಗ್ರಾಂ ತೂಗುವ ಇಡೀ ಗಡ್ಡೆ ನೆಡುವುದು ನಮ್ಮ ಥಂಡಿ ನೆಲಕ್ಕೆ ಹಿತ. ಕೊಯ್ಯಲೇಬೇಕಾದರೆ ಎರಡು ಚಾಕು ಇಟ್ಟುಕೊಳ್ಳಿ. ಒಂದು ಕುದಿನೀರಿನಲ್ಲಿ, ಒಂದು ಕೈಯಲ್ಲಿ. ಕಂದು ಉಂಗುರದ ಒಂದು ಗಡ್ಡೆ ಕೊಯ್ದ ಚಾಕು ಮುಂದಿನ ಗಡ್ಡೆಗಳಿಗೆಲ್ಲ ರೋಗ ಹಂಚುತ್ತದೆ. ಕೊಯ್ದ ಹೋಳುಗಳನ್ನು ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ಬಿಟ್ಟು, ಗಾಯ ಗಟ್ಟಿಯಾದ ಮೇಲೆ ನೆಡಿ.

ಗಡ್ಡೆಯನ್ನು ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕದ ನೀರಿನಲ್ಲಿ ಅದ್ದುವ ಪದ್ಧತಿ ಇದೆ. ಲೀಟರಿಗೆ 2ರಿಂದ 3 ಗ್ರಾಂ, 10 ನಿಮಿಷ. ಶಿಲೀಂಧ್ರಕ್ಕೆ ಅದು ಸರಿ. ಆದರೆ ಕೊಳೆತ ಒಂದು ಗಡ್ಡೆ ಆ ಡ್ರಮ್ಮಿಗೆ ಬಿದ್ದರೆ ಅದೇ ನೀರು ದುಂಡಾಣುವಿನ ಕಷಾಯ. ಮ್ಯಾಂಕೋಜೆಬ್ ಅದನ್ನು ಕೊಲ್ಲುವುದಿಲ್ಲ. ಆರಿಸಿಯೇ ಅದ್ದಿ, ನೀರು ಕದಡಿದಾಗ ಚೆಲ್ಲಿ ಹೊಸದು ಕಲಸಿ. ಅದ್ದಿದ ಗಡ್ಡೆ ಪೂರ್ತಿ ಒಣಗದೆ ನೆಲಕ್ಕೆ ಹೋಗಬಾರದು.

ಹೆಜ್ಜೆ 3: ಮಣ್ಣಿಗೆ ನಮ್ಮ ಕಡೆಯವರನ್ನು ಸೇರಿಸಿ

ಶಿಲೀಂಧ್ರ, ದುಂಡಾಣು ಎಂದರೆ ಎಲ್ಲ ವೈರಿಗಳಲ್ಲ. ಟ್ರೈಕೋಡರ್ಮಾ ಎಂಬ ಹಸಿರು ಶಿಲೀಂಧ್ರ ರೈಜಾಕ್ಟೋನಿಯಾ, ಪಿಥಿಯಂಗಳ ನೂಲಿಗೆ ಬಳ್ಳಿಯಂತೆ ಸುತ್ತಿಕೊಂಡು ಅವನ್ನೇ ತಿನ್ನುತ್ತದೆ. ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಎಂಬ ದುಂಡಾಣು ಬೇರಿನ ಸುತ್ತ ಇರುವ ಕಬ್ಬಿಣವನ್ನು ತಾನೇ ಬಾಚಿಕೊಂಡು ಉಳಿದವರನ್ನು ಹಸಿವಿಗೆ ಕೆಡವುತ್ತದೆ. ಜೊತೆಗೆ ಶಿಲೀಂಧ್ರಕ್ಕೆ ವಿಷವಾಗುವ ವಸ್ತುಗಳನ್ನೂ ಬಿಡುತ್ತದೆ. ಆಲೂಗಡ್ಡೆ ಗಿಡದ ಮೇಲೆ ವಾಸಿಸುವ ಕೆಲವು ಸ್ಯೂಡೋಮೊನಾಸ್‌ಗಳು ಹೊರಬಿಡುವ ಆವಿಯಿಂದಲೇ ಅಂಗಮಾರಿಯ ಬೆಳವಣಿಗೆ ಕುಗ್ಗುವುದನ್ನು ಪ್ರಯೋಗಾಲಯಗಳಲ್ಲಿ ಕಂಡಿದ್ದಾರೆ.

ಎದುರು ಪಾಳಯದಲ್ಲೂ ಇಂಥ ಒಳಒಪ್ಪಂದಗಳಿವೆ. ರಾಲ್‌ಸ್ಟೋನಿಯಾ ಒಂದು ವಸ್ತು ಬಿಟ್ಟು ಮಣ್ಣಿನ ಶಿಲೀಂಧ್ರಗಳು ದಪ್ಪಗೋಡೆಯ ಬೀಜಕಣ ಕಟ್ಟುವಂತೆ ಮಾಡುತ್ತದೆ, ಆಮೇಲೆ ಆ ಬೀಜಕಣದೊಳಗೇ ನುಸುಳುತ್ತದೆ. ಭತ್ತದ ಸಸಿಮಡಿಯಲ್ಲಿ ಸಸಿ ಸಾಯಿಸುವ ರೈಜೋಪಸ್ ಎಂಬ ಬೂಸ್ಟಿನ ವಿಷ ಬೂಸ್ಟಿನದ್ದೇ ಎಂದು ಎಲ್ಲರೂ ನಂಬಿದ್ದರು. ಅದನ್ನು ತಯಾರಿಸುವುದು ಬೂಸ್ಟಿನ ಹೊಟ್ಟೆಯೊಳಗೆ ಬಾಡಿಗೆಗಿರುವ ಒಂದು ದುಂಡಾಣು ಎಂದು 2005ರಲ್ಲಿ ಗೊತ್ತಾಯಿತು. ಯಾರು ಯಾರ ಮನೆಯಲ್ಲಿದ್ದಾರೆ ಎಂದು ಹೊರಗಿನಿಂದ ನೋಡಿ ಹೇಳುವುದು ಕಷ್ಟ.

ಗೊಬ್ಬರದ ಕೆಲಸ ಸುಲಭ. 100 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 1 ಕಿಲೋ ಟ್ರೈಕೋಡರ್ಮಾ ಪುಡಿ ಬೆರೆಸಿ, ನೆರಳಿನಲ್ಲಿ ರಾಶಿ ಹಾಕಿ, ಹಿಡಿದರೆ ಮುದ್ದೆಯಾಗುವಷ್ಟು ತೇವ ಮಾಡಿ, ಗೋಣಿಯಿಂದಲೋ ದರಗಿನಿಂದಲೋ ಮುಚ್ಚಿ. ಎರಡು ವಾರದಲ್ಲಿ ರಾಶಿಯ ಮೇಲೆ ಬಿಳಿ, ಆಮೇಲೆ ಹಸಿರು ಕಾಣುತ್ತದೆ. ನೆಡುವ ಸಾಲಿಗೆ ಅದನ್ನೇ ಹಾಕಿ. ಹಸಿ ಗೊಬ್ಬರ ಬೇಡ.

ಇಲ್ಲೇ ನಮ್ಮವರು ಎಡವುವುದು: ಬೆಳಿಗ್ಗೆ ಟ್ರೈಕೋಡರ್ಮಾ, ಸಂಜೆ ಅದೇ ಸಾಲಿಗೆ ಕಾರ್ಬೆಂಡಜಿಮ್. ಶಿಲೀಂಧ್ರನಾಶಕಕ್ಕೆ ಒಳ್ಳೆಯ ಶಿಲೀಂಧ್ರ, ಕೆಟ್ಟ ಶಿಲೀಂಧ್ರ ಎಂಬ ಭೇದವಿಲ್ಲ. ಮಣ್ಣಿಗೆ ಹಾಕುವ ಎರಡರ ನಡುವೆ ಕನಿಷ್ಠ 15 ದಿನ ಅಂತರವಿರಲಿ. ಗಡ್ಡೆಯನ್ನು ಮ್ಯಾಂಕೋಜೆಬ್‌ನಲ್ಲಿ ಅದ್ದಿದ್ದರೆ ಗಡ್ಡೆಗೆ ಟ್ರೈಕೋಡರ್ಮಾ ಸವರುವ ಕೆಲಸ ಬಿಡಿ, ಎರಡರಲ್ಲಿ ಒಂದೇ. ಸೊರಗು ರೋಗದ ಅನುಮಾನವಿರುವ ಗದ್ದೆಗೆ ನೆಡುವಾಗ ಗೊಬ್ಬರದೊಂದಿಗೆ ಎಕರೆಗೆ ಸುಮಾರು 5 ಕಿಲೋ ಬ್ಲೀಚಿಂಗ್ ಪೌಡರ್ ಹಾಕುವ ಶಿಫಾರಸು ಇದೆ. ಅದನ್ನು ಹಾಕುವವರು ಟ್ರೈಕೋಡರ್ಮಾವನ್ನು ಮಣ್ಣು ಏರಿಸುವ ಸಮಯಕ್ಕೆ ಮುಂದೂಡಿ.

ಹೆಜ್ಜೆ 4: ಎಲೆ ಕಪ್ಪಾಗುವ ಮೊದಲೇ

ಅಂಗಮಾರಿಗೆ ಬೇಕಾದ್ದು ತಂಪು ಮತ್ತು ಒದ್ದೆ. 12 ಡಿಗ್ರಿಯ ಆಸುಪಾಸಿನಲ್ಲಿ ಎಲೆ ತೋಯ್ದಿದ್ದರೆ ಒಂದೊಂದು ಬೀಜಕೋಶವೂ ಒಡೆದು ಹಲವು ಈಜುವ ಕಣಗಳನ್ನು ಬಿಡುತ್ತದೆ. ಸ್ವಲ್ಪ ಬೆಚ್ಚಗಿದ್ದರೆ ನೇರವಾಗಿಯೇ ಮೊಳೆಯುತ್ತದೆ. ಮೂರು ದಿನ ಜಿಟಿಜಿಟಿ ಮಳೆ, ಮೋಡ ಅಥವಾ ಬೆಳಗಿನ ದಟ್ಟ ಇಬ್ಬನಿ ಇತ್ತೆಂದರೆ ಅದು ಬಂದೇ ಬರುತ್ತದೆ ಎಂದು ಲೆಕ್ಕ ಹಾಕಿ.

ಅನುಮಾನದ ಎಲೆ ಸಿಕ್ಕರೆ ರಾತ್ರಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಒದ್ದೆ ಕಾಗದದೊಂದಿಗೆ ಕಟ್ಟಿಡಿ. ಬೆಳಿಗ್ಗೆ ಎಲೆಯ ಅಡಿಯಲ್ಲಿ, ಕಲೆಯ ಅಂಚಿನ ಸುತ್ತ, ಬಿಳಿ ನಯವಾದ ಬೂಸ್ಟು ಎದ್ದಿದ್ದರೆ ಅಂಗಮಾರಿ. ಬಿಳಿ ಏಳದೆ, ಕಲೆಯಲ್ಲಿ ಮರದ ಕಾಂಡ ಕೊಯ್ದಂಥ ಉಂಗುರಗಳಿದ್ದರೆ ಆಲ್ಟರ್ನೇರಿಯಾ. ಅದಕ್ಕೆ ಇಷ್ಟು ಗಾಬರಿ ಬೇಡ.

ಔಷಧಿಯ ಕ್ರಮ: ಗಿಡಗಳು ಸಾಲಿನಲ್ಲಿ ಒಂದಕ್ಕೊಂದು ತಾಗುವ ಹೊತ್ತಿಗೆ, ರೋಗ ಕಾಣುವ ಮೊದಲೇ, ಲೀಟರಿಗೆ 2ರಿಂದ 2.5 ಗ್ರಾಂ ಮ್ಯಾಂಕೋಜೆಬ್. ಇದು ಎಲೆಯ ಮೇಲಿನ ಕಾವಲು ಮಾತ್ರ, ಒಳಗೆ ಹೋದದ್ದನ್ನು ಹಿಡಿಯದು. ಎಲೆಯ ಅಡಿಗೂ ತಾಗಬೇಕು, ಎಲೆಗೆ ಹಿಡಿದು ನಿಲ್ಲಲು ಅಂಟು ಬೆರೆಸಬೇಕು. ಮಳೆ ಹೊಳವಾದಾಗ ಹೊಡೆದು, 7ರಿಂದ 10 ದಿನಕ್ಕೆ ಮತ್ತೆ. ರೋಗ ಕಂಡ ಮೇಲೆ ಸೈಮಾಕ್ಸನಿಲ್ ಮತ್ತು ಮ್ಯಾಂಕೋಜೆಬ್ ಬೆರೆತದ್ದು ಲೀಟರಿಗೆ 3 ಗ್ರಾಂ. ಮೆಟಲಾಕ್ಸಿಲ್ ಇರುವ ಔಷಧಿಯನ್ನು ಬೆಳೆಗೊಮ್ಮೆ ಬಳಸಿ ಬಿಡಿ. ಪದೇ ಪದೇ ಹೊಡೆದಲ್ಲಿ ಅಂಗಮಾರಿ ಅದಕ್ಕೆ ಬಗ್ಗದಂತಾಗಿರುವುದು ಜಗತ್ತಿನ ಹಲವೆಡೆ ಅನುಭವಕ್ಕೆ ಬಂದಿದೆ. ಡಬ್ಬದ ಮೇಲಿನ ಪ್ರಮಾಣ, ಕೊಯ್ಲಿಗೆ ಮುಂಚೆ ಬಿಡಬೇಕಾದ ದಿನ ಓದಿಯೇ ಬಳಸಿ.

ಅಡಿಕೆ ಮನೆಯವರು ಕೇಳುವ ಪ್ರಶ್ನೆ: ಬೋರ್ಡೋ ಆಗುವುದಿಲ್ಲವೇ? ಆಗುತ್ತದೆ. 1885ರ ಹೊತ್ತಿಗೆ ಫ್ರಾನ್ಸಿನಲ್ಲಿ ದ್ರಾಕ್ಷಿಗೆಂದು ಹುಟ್ಟಿದ ಈ ದ್ರಾವಣ ಆಲೂಗಡ್ಡೆಗೂ ಬಹಳ ಕಾಲ ಕಾವಲು ಕಾದಿದೆ. ಶೇ. 1ರ ಲೆಕ್ಕ ಎಲ್ಲರಿಗೂ ಬಾಯಿಪಾಠ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಆದರೆ ಆಲೂಗಡ್ಡೆಯ ಎಳೆ ಎಲೆ ಅಡಿಕೆ ಗೊನೆಯಷ್ಟು ಒರಟಲ್ಲ, ಸುಟ್ಟೀತು. ಮೊದಲು ನಾಲ್ಕು ಗಿಡಕ್ಕೆ ಹೊಡೆದು ಎರಡು ದಿನ ನೋಡಿ. ಕತ್ತಿಯ ಅಲಗು ಅದ್ದಿದಾಗ ಕೆಂಪಾದರೆ ಇನ್ನೂ ಸುಣ್ಣ ಬೇಕು ಎಂಬ ಪರೀಕ್ಷೆ ಇಲ್ಲಿಯೂ ಅದೇ. ತಾಮ್ರಕ್ಕೊಂದು ಹೆಚ್ಚಿನ ಗುಣವಿದೆ: ಎಲೆಯ ಮೇಲಿರುವ ದುಂಡಾಣುವಿಗೂ ಅದು ತಕ್ಕಮಟ್ಟಿಗೆ ಕಹಿ. ಕಾಂಡದೊಳಗೆ ಹೊಕ್ಕ ರಾಲ್‌ಸ್ಟೋನಿಯಾಕ್ಕೆ ಮಾತ್ರ ತಟ್ಟುವುದಿಲ್ಲ.

ಔಷಧಿಯಷ್ಟೇ ಮುಖ್ಯ ಬೋದು, ಅಂದರೆ ಸಾಲಿನುದ್ದಕ್ಕೂ ಗಿಡದ ಬುಡಕ್ಕೆ ಏರಿಸಿದ ಮಣ್ಣಿನ ದಿಂಡು. ಎಲೆಯ ಬೀಜಕಣಗಳು ಮಳೆ ನೀರಿನಲ್ಲಿ ತೊಳೆದುಕೊಂಡು, ಮಣ್ಣಿನ ಬಿರುಕಿನಲ್ಲಿ ಇಳಿದು ಗಡ್ಡೆಗೆ ತಾಗುತ್ತವೆ. ಗಡ್ಡೆಯ ಮೇಲೆ 10ರಿಂದ 15 ಸೆಂಟಿಮೀಟರ್ ಮಣ್ಣಿದ್ದರೆ ಹೆಚ್ಚಿನವು ದಾರಿಯಲ್ಲೇ ಸಿಕ್ಕಿಬೀಳುತ್ತವೆ. ನೆಟ್ಟ 30 ದಿನಕ್ಕೆ ಒಮ್ಮೆ ಚೆನ್ನಾಗಿ ಮಣ್ಣು ಏರಿಸಿ, ಮಳೆಗೆ ಕೊಚ್ಚಿ ಹೋದರೆ ಇನ್ನೊಮ್ಮೆ. ಎರಡು ಬೋದುಗಳ ನಡುವಿನ ಕಾಲುವೆಯಲ್ಲಿ ನೀರು ಅರ್ಧ ದಿನವೂ ನಿಲ್ಲಬಾರದು.

ಹೆಜ್ಜೆ 5: ಗಿಡ ಸೊರಗಿದರೆ ಲೋಟ ತನ್ನಿ

ಎಲೆ ಹಸಿರಿದ್ದ ಹಾಗೆಯೇ ಮಧ್ಯಾಹ್ನ ಗಿಡ ಜೋತುಬಿದ್ದು, ಸಂಜೆ ಸ್ವಲ್ಪ ಎದ್ದು, ಎರಡು ದಿನದಲ್ಲಿ ಪೂರ್ತಿ ಮಲಗಿದರೆ ಔಷಧಿಯಂಗಡಿಗೆ ಓಡಬೇಡಿ. ಗಾಜಿನ ಲೋಟದಲ್ಲಿ ತಿಳಿನೀರು ತನ್ನಿ. ಗಿಡದ ಬುಡದ ಹತ್ತಿರದಿಂದ ಬೆರಳುದ್ದ ಕಾಂಡ ಕೊಯ್ದು, ಕೆಳತುದಿ ನೀರಿಗೆ ತಾಗುವಂತೆ ಹಿಡಿದು, ಅಲುಗಿಸದೆ ಕಾಯಿರಿ. ಎರಡರಿಂದ ಐದು ನಿಮಿಷದಲ್ಲಿ ಹಾಲಿನ ಎಳೆಯಂತೆ ಬಿಳಿ ದಾರ ಕೆಳಗಿಳಿದರೆ ಅದು ರಾಲ್‌ಸ್ಟೋನಿಯಾ. ಗಿಡದ ನೀರು ಹರಿಯುವ ನಾಳಗಳಲ್ಲಿ ದುಂಡಾಣು ಮತ್ತು ಅದರ ಲೋಳೆ ಕಟ್ಟಿಕೊಂಡಿದೆ, ಬೇರಿಗೆ ನೀರು ಸಿಕ್ಕರೂ ಎಲೆಗೆ ಏರುತ್ತಿಲ್ಲ ಎಂದರ್ಥ. ಏನೂ ಇಳಿಯದಿದ್ದರೆ ಶಿಲೀಂಧ್ರದ ಸೊರಗು ಇರಬಹುದು, ಬುಡ ಕಪ್ಪಾಗಿ ಲೋಳೆಯಾಗಿದ್ದರೆ ಪೆಕ್ಟೋಬ್ಯಾಕ್ಟೀರಿಯಂ ಮಾಡುವ ಕಪ್ಪುಕಾಲು.

ನಾನು ಈ ಪರೀಕ್ಷೆ ಕಲಿತದ್ದು ಶುಂಠಿಯಿಂದ. ಇದಕ್ಕೆ ಖರ್ಚಿಲ್ಲ, ಸುಳ್ಳು ಹೇಳುವುದೂ ಕಡಿಮೆ.

ಬಿಳಿ ದಾರ ಇಳಿಯಿತು ಎಂದರೆ ಆ ಗಿಡ ಉಳಿಯುವುದಿಲ್ಲ. ಪ್ರತಿಜೀವಕ ಸಿಂಪಡಿಸಿ ಎಂದು ಹೇಳುವವರು ಸಿಗುತ್ತಾರೆ. ಎಲೆಗೆ ಹೊಡೆದದ್ದು ನಾಳದ ಲೋಳೆಯನ್ನೂ ಮಣ್ಣನ್ನೂ ಮುಟ್ಟುವುದಿಲ್ಲ, ದುಡ್ಡು ದಂಡ. ಗಿಡವನ್ನು ಬೇರು, ಗಡ್ಡೆ, ಸುತ್ತಲಿನ ಮಣ್ಣು ಸಮೇತ ಅಗೆದು ಅಲ್ಲೇ ಚೀಲಕ್ಕೆ ತುಂಬಿ. ಸಾಲಿನುದ್ದಕ್ಕೂ ಎಳೆದುಕೊಂಡು ಹೋಗಬೇಡಿ. ಗುಂಡಿಗೆ ಬ್ಲೀಚಿಂಗ್ ಪೌಡರ್ ಉದುರಿಸಿ ಮುಚ್ಚಿ. ಆ ಸಾಲಿಗೆ ನೀರು ಹಾಯಿಸುವುದಾದರೆ ಎಲ್ಲಕ್ಕಿಂತ ಕೊನೆಗೆ. ಹಾರೆ, ಗುದ್ದಲಿ, ಕಾಲು ತೊಳೆದು ಮುಂದಿನ ಸಾಲಿಗೆ ಹೋಗಿ.

ಅಗೆದ ಬೇರನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಸಣ್ಣ ಗಂಟುಗಳಿದ್ದರೆ ಮಣ್ಣಿನ ಜಂತುಹುಳುವಿನ, ಅಂದರೆ ನೆಮಟೋಡಿನ ಕೆಲಸ. ಅದು ಮಾಡಿದ ಗಾಯದಿಂದಲೇ ರಾಲ್‌ಸ್ಟೋನಿಯಾ ಸಲೀಸಾಗಿ ಒಳಗೆ ಹೋಗುತ್ತದೆ. ಅಂಥ ಗದ್ದೆಗೆ ಮುಂದಿನ ಸಲ ಹುಳು ತಗ್ಗಿಸಲು ಬೇವಿನ ಹಿಂಡಿ, ಚೆಂಡುಹೂವು ನೆನಪಿರಲಿ.

ಹೆಜ್ಜೆ 6: ಕೀಳುವ ಮೊದಲು ಎರಡು ವಾರ

ನನ್ನ ಅಟ್ಟದ ಕಥೆ ಕೆಟ್ಟದ್ದು ಇಲ್ಲಿ. ಎಲೆಯಲ್ಲಿ ಅಂಗಮಾರಿ ಹಸಿಯಾಗಿರುವಾಗಲೇ, ದರ ಚೆನ್ನಾಗಿದೆ ಎಂದು, ಮಳೆ ಬಿಟ್ಟ ಮರುದಿನ ಕಿತ್ತಿದ್ದೆ. ಕಪ್ಪಾದ ಎಲೆಗಳ ಬೀಜಕಣವೆಲ್ಲ ಎಳೆ ಸಿಪ್ಪೆಯ ಗಡ್ಡೆಗೆ ಸವರಿದ ಹಾಗಾಯಿತು.

ಕೀಳುವ 10ರಿಂದ 14 ದಿನ ಮೊದಲು ಗಿಡವನ್ನು ನೆಲಮಟ್ಟಕ್ಕೆ ಕೊಯ್ದು ಗದ್ದೆಯಿಂದ ಹೊರಗೆ ಹಾಕಿ. ನೀರು ನಿಲ್ಲಿಸಿ. ಅಷ್ಟರಲ್ಲಿ ಮಣ್ಣಿನ ಮೇಲಿನ ಬೀಜಕಣಗಳು ಬಹುಪಾಲು ಸಾಯುತ್ತವೆ, ಗಡ್ಡೆಯ ಸಿಪ್ಪೆ ಗಟ್ಟಿಯಾಗುತ್ತದೆ. ಹೆಬ್ಬೆರಳಿನಿಂದ ಉಜ್ಜಿದರೆ ಸಿಪ್ಪೆ ಕೀಳಬಾರದು, ಅದೇ ಅಳತೆ. ಒಣ ಮಣ್ಣಿನಲ್ಲಿ, ಬಿಸಿಲು ನೆತ್ತಿಗೇರುವ ಮೊದಲು ಕೀಳಿ. ಗುದ್ದಲಿ ತಾಗಿದ ಗಡ್ಡೆ ಬೇರೆ ಬುಟ್ಟಿಗೆ, ಅದು ಇದೇ ವಾರದ ಪಲ್ಯಕ್ಕೆ. ಗಡ್ಡೆ ತೊಳೆಯಬೇಡಿ. ಪೇಟೆಯಲ್ಲಿ ತೊಳೆದ ಗಡ್ಡೆಗೆ ಎರಡು ರೂಪಾಯಿ ಹೆಚ್ಚು ಎಂಬ ಆಸೆಗೆ ಎರಡನೇ ಹೆಜ್ಜೆಯ ನೀರಿನ ಪದರವನ್ನು ನಾವೇ ಬಳಿದಂತಾಗುತ್ತದೆ.

ಹೆಜ್ಜೆ 7: ರಾಶಿ ಹಾಕಿದ ಮೇಲೆ

ಎರಡು ವಾರ ನೆರಳಿನಲ್ಲಿ, ಗಾಳಿಯಾಡುವಲ್ಲಿ ತೆಳುವಾಗಿ ಹರಡಿ ಗಾಯ ಮಾಯಲು ಬಿಡಿ. ಆಮೇಲೆ ರಾಶಿ ಮಾಡುವುದಾದರೂ ಸೊಂಟದೆತ್ತರ ದಾಟದಿರಲಿ. ಪ್ಲಾಸ್ಟಿಕ್ ಹೊದಿಕೆ ಬೇಡ. ಒಲೆಯ ಬಿಸಿ ತಾಗುವ ಅಟ್ಟವಂತೂ ಬೇಡವೇ ಬೇಡ: ಮೆದುಕೊಳೆಗೆ 25ರಿಂದ 30 ಡಿಗ್ರಿ ಹಬ್ಬ. ಬೆಳಕು ಬಿದ್ದರೆ ಗಡ್ಡೆ ಹಸಿರಾಗುತ್ತದೆ, ಹಸಿರಾದದ್ದನ್ನು ಮನುಷ್ಯರೂ ತಿನ್ನಬಾರದು, ದನಕ್ಕೂ ಹಾಕಬಾರದು.

ವಾರಕ್ಕೊಮ್ಮೆ ಕೈಯಾಡಿಸಿ, ಕೆಟ್ಟದ್ದನ್ನು ಚಾಕುವಿನಿಂದ ಓದಿ. ಸಿಪ್ಪೆಯ ಕೆಳಗೆ ಕೆಂಗಂದು ಬಣ್ಣ, ಮರಳು ಮರಳಾದ ಗಟ್ಟಿ ಕೊಳೆ, ಅಂಚು ಏರುಪೇರು: ಅಂಗಮಾರಿ. ಮೇಲೆ ಸುಕ್ಕುಸುಕ್ಕಿನ ಉಂಗುರ, ಒಳಗೆ ಪೊಳ್ಳು, ಪೊಳ್ಳಿನಲ್ಲಿ ಬಿಳಿ ಇಲ್ಲವೇ ನಸುಗೆಂಪು ಬೂಸ್ಟು: ಫ್ಯುಸೇರಿಯಂ. ಕೆನೆಬಣ್ಣದ ಲೋಳೆ, ಒಳ್ಳೆಯ ಭಾಗಕ್ಕೂ ಕೊಳೆಗೂ ನಡುವೆ ಗೀಟು ಎಳೆದಂಥ ಕಪ್ಪು ಅಂಚು: ಮೆದುಕೊಳೆ. ಮೆದುಕೊಳೆಗೆ ಶುರುವಿನಲ್ಲಿ ನಾತ ಇರುವುದಿಲ್ಲ, ಬೇರೆ ದುಂಡಾಣುಗಳೂ ಬಂದು ಕೂತ ಮೇಲೆ ಮೂಗು ಮುಚ್ಚಿಕೊಳ್ಳಬೇಕು.

ಲೋಳೆ ಸಿಕ್ಕಿತೆಂದು ಅಲ್ಲಿಗೇ ನಿಲ್ಲಬೇಡಿ. ಲೋಳೆಯನ್ನು ಪಕ್ಕಕ್ಕೆ ಸರಿಸಿ, ಅಂಚಿನಲ್ಲಿ ಕೆಂಗಂದು ಮರಳು ಉಳಿದಿದೆಯೇ, ಪೊಳ್ಳಿನ ಗೋಡೆ ಉಳಿದಿದೆಯೇ ನೋಡಿ. ಕೆಂಗಂದು ಕಂಡರೆ ಮುಂದಿನ ವರ್ಷ ಸರಿಮಾಡಬೇಕಾದ್ದು ಎಲೆಯ ಔಷಧಿಯ ದಿನ ಮತ್ತು ಬೋದಿನ ಎತ್ತರ. ಪೊಳ್ಳು ಕಂಡರೆ ಕೀಳುವಾಗಿನ ಪೆಟ್ಟು ಮತ್ತು ಬಿತ್ತನೆ. ಎರಡೂ ಇಲ್ಲದೆ ಬರೀ ಲೋಳೆಯಾದರೆ ನೀರು, ಗಾಳಿ, ಬಿಸಿ. ಕೊಳೆತದ್ದನ್ನೂ ಅದರ ರಸ ತಾಗಿದ ನೆರೆಯ ಗಡ್ಡೆಗಳನ್ನೂ ತೆಗೆದು, ತೋಟದಿಂದ ದೂರ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹುಗಿಯಿರಿ. ಗೊಬ್ಬರದ ಗುಂಡಿಗೆ ಹಾಕಿದರೆ ಮುಂದಿನ ಮಳೆಗಾಲಕ್ಕೆ ಅದು ತಿರುಗಿ ಗದ್ದೆಗೇ ಬರುತ್ತದೆ.

ತಿಳಿಯದೇ ಹೋದರೆ

ಶಿವಮೊಗ್ಗದ ನವಿಲೆಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಆನಂದಪುರದ ಹತ್ತಿರ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಸಸ್ಯರೋಗದವರಿಗೆ ತೋರಿಸಿ. ಆದರೆ ನಾನು ಮಾಡಿದ ಹಾಗೆ ಲೋಳೆಯಾದ ಗಡ್ಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಸ್ಸಿನಲ್ಲಿ ಪಕ್ಕದವರ ಬೈಗುಳ ತಿನ್ನುತ್ತಾ ಒಯ್ಯಬೇಡಿ. ಅದರಲ್ಲಿ ಅವರಿಗೂ ಸಿಗುವುದು ಕೊನೆಗೆ ಬಂದವರು ಮಾತ್ರ. ಅರ್ಧ ಸೊರಗಿದ ಒಂದು ಗಿಡ, ಈಗಷ್ಟೇ ಕಲೆ ಬಿದ್ದ ನಾಲ್ಕು ಎಲೆ, ಕೊಳೆ ಶುರುವಾಗಿ ಇನ್ನೂ ಗಟ್ಟಿಯಿರುವ ಎರಡು ಗಡ್ಡೆ. ಗಿಡವನ್ನು ಬೇರು, ಮಣ್ಣು ಸಮೇತ ಕಿತ್ತು, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ, ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡಿ. ಯಾವ ದಿನ ಏನು ಹೊಡೆದಿದ್ದೀರಿ ಎಂಬ ಚೀಟಿ ಜೇಬಿನಲ್ಲಿರಲಿ.